ಅತ್ತಿಗೆಯ ಓವನ್ನಿಗೆ ಬೀದಿಯ ತಕರಾರು

ನಮ್ಮ ಅತ್ತಿಗೆ ಹಿಟ್ಟು ನಾದುವುದನ್ನು ಒಮ್ಮೆ ನೋಡಿದವರು ಆಮೇಲೆ ಕುಸ್ತಿ ನೋಡಲು ಹೋಗುವುದಿಲ್ಲ. ನಾದಿದ ಹಿಟ್ಟನ್ನು ಎತ್ತಿ ಹಲಗೆಯ ಮೇಲೆ ಬಡಿದರೆಂದರೆ ಆಚೆ ಬೀದಿಯಲ್ಲಿ ಮಲಗಿದ್ದ ಬೆಕ್ಕು ಎದ್ದು ಜಾಗ ಬದಲಿಸುತ್ತಿತ್ತು. ನಮ್ಮ ಮನೆಯ ಗೋಡೆ ಗಡಿಯಾರ ಆ ಬಡಿತಕ್ಕೇ ನಡೆಯುತ್ತದೆಂದು ನನ್ನ ಬಹಳ ದಿನದ ಅನುಮಾನ. ಅದಕ್ಕೆ ಯಾರೂ ಕೀಲಿ ಕೊಟ್ಟದ್ದನ್ನು ನಾನು ಕಂಡಿಲ್ಲ. ಅಣ್ಣ ಗಡಿಯಾರ ರಿಪೇರಿಯವನು, ಅವನು ಇದನ್ನು ಒಪ್ಪುವುದಿಲ್ಲ. ಅಲ್ಲಗಳೆಯುವುದೂ ಇಲ್ಲ. ಅವನು ಬಾಯಿ ಬಿಡುವುದೇ ಅಪರೂಪ. ಮದುವೆಯ ದಿನ ‘ಹೂಂ’ ಅಂದವನು, ಮಗ ಹುಟ್ಟಿದಾಗ ‘ಹೌದಾ?’ ಅಂದ. ನಡುವೆ ಏನಾದರೂ ಅಂದಿದ್ದರೆ ಆಗ ನಾನು ಮನೆಯಲ್ಲಿರಲಿಲ್ಲ.

ಅತ್ತಿಗೆ ಬೇಕರಿಯ ಕಸುಬಿಗೆ ಬಿದ್ದದ್ದು ಆಕಸ್ಮಿಕ. ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸದರಲ್ಲಿ ಮುಖ್ಯರಸ್ತೆಯ ಬೇಕರಿಗೆ ಬ್ರೆಡ್ ತರಲು ಹೋಗಿದ್ದರು. ಒಳಗೆ ಯಜಮಾನರು ಕಾದ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಇಡಲು ಜಾಗ ಸಿಗದೆ ಕುಣಿಯುತ್ತಿದ್ದರು. “ಅಮ್ಮಾ, ಆ ಬಟ್ಟೆ ಸುತ್ಕೊಂಡು ಇದನ್ನ ಒಂದು ನಿಮಿಷ ಹಿಡ್ಕೊಳ್ತೀರಾ?” ಎಂದರು. ಅತ್ತಿಗೆ ಹಿಡಿದುಕೊಂಡರು. ಆ ಒಂದು ನಿಮಿಷ ಮುಗಿಯುವ ಹೊತ್ತಿಗೆ ಅತ್ತಿಗೆಯ ಮಗನಿಗೆ ಮದುವೆಯಾಗಿತ್ತು, ಯಜಮಾನರ ಮೊಣಕಾಲು ಸವೆದುಹೋಗಿತ್ತು, ನನ್ನ ತಲೆಯ ಮೇಲೆ ಬಾಚಲು ಏನೂ ಉಳಿದಿರಲಿಲ್ಲ.

ಆ ಬೇಕರಿಯ ಜೀವವೆಂದರೆ ಅದರ ಓವನ್ನು. ಕರೆಂಟಿನದು, ಕಬ್ಬಿಣದ್ದು, ಬೀರುವಿಗಿಂತ ದೊಡ್ಡದು. ಬಾಗಿಲನ್ನು ಸ್ವಲ್ಪ ಎತ್ತಿ ಒದ್ದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಎಡಗಡೆ ಹೆಚ್ಚು ಕಾಯುತ್ತಿತ್ತು, ಬಲಗಡೆ ಕಡಿಮೆ. “ಎಡಗಡೆಗೆ ಸಿಟ್ಟು ಜಾಸ್ತಿ, ಬಲಗಡೆ ಸಾಧು. ಮನೇಲಿ ಅಣ್ಣ ತಮ್ಮ ಇದ್ದ ಹಾಗೆ,” ಎಂದು ಅತ್ತಿಗೆ ಹೇಳುತ್ತಿದ್ದರು. ಯಾರು ಎಡ, ಯಾರು ಬಲ ಎಂದು ನಾನು ಕೇಳಲಿಲ್ಲ. ಅದರ ಮುಂದೆ ನಿಂತು ನಿಂತು ಅತ್ತಿಗೆಯ ಎಡಹುಬ್ಬು ಸುಟ್ಟು, ಮತ್ತೆ ಬೆಳೆಯುವ ಆಸೆಯನ್ನೇ ಬಿಟ್ಟಿತ್ತು.

ಯಜಮಾನರು ಬೇಕರಿ ಮುಚ್ಚಿದರು. ಕಟ್ಟಡ ಮಾರಾಟವಾಯಿತು. ಕೊನೆಯ ದಿನ ಅವರು ಕುರ್ಚಿಯಲ್ಲಿ ಕೂತು ಅತ್ತಿಗೆಯನ್ನು ಕರೆದರು.

“ಓವನ್ ನೀನೇ ತಗೊಂಡು ಹೋಗಮ್ಮ. ದುಡ್ಡು ಗಿಡ್ಡು ಬೇಡ. ಆದ್ರೆ ಅದರಲ್ಲಿ ಬ್ರೆಡ್ ಬೇಯ್ಬೇಕು. ಬಟ್ಟೆ ಮಡಿಸಿಡೋ ಬೀರು ಮಾಡ್ಕೊಂಡೆ ಅಂತ ಗೊತ್ತಾದ್ರೆ ಈ ಮೊಣಕಾಲಲ್ಲೇ ನಡ್ಕೊಂಡು ಬಂದು ಬೈತೀನಿ.”

ಕಟ್ಟಡ ಕೊಂಡವನೂ ಕೆಟ್ಟವನಲ್ಲ. ಕೆಡವಲು ಶುರುಮಾಡುವವರೆಗೆ ಓವನ್ನು ಅಲ್ಲೇ ಇರಲಿ, ಆಮೇಲೆ ಗುಜರಿಗೆ ಎಂದ. ಅತ್ತಿಗೆ ಆ ದಿನವೇ ತೀರ್ಮಾನ ಮಾಡಿದರು: ನಮ್ಮ ಮನೆಯ ಬೀದಿ ಕಡೆಯ ಕೋಣೆಯಲ್ಲಿ ಸ್ವಂತ ಬೇಕರಿ ತೆರೆಯುವುದು. ಆದರೆ ಅಂಥ ಓವನ್ನಿಗೆ ದೊಡ್ಡ ಕರೆಂಟ್ ಲೈನ್ ಬೇಕು. ವ್ಯಾಪಾರದ ಲೈಸೆನ್ಸ್ ತೋರಿಸದೆ ಆ ಲೈನ್ ಕೊಡುವುದಿಲ್ಲ ಎಂದರು ಕರೆಂಟ್ ಆಫೀಸಿನವರು. ಲೈನಿಲ್ಲದೆ ಮನೆಗೆ ತಂದರೆ ಅದು ಯಜಮಾನರು ಬೇಡವೆಂದ ಬೀರುವೇ. ಅಂದರೆ ಗೋಡೆ ಬೀಳುವ ಮೊದಲು ಲೈಸೆನ್ಸ್ ಬಂದರೆ ಓವನ್ನು ನಮ್ಮದು. ಗೋಡೆ ಮೊದಲು ಬಿದ್ದರೆ ಗುಜರಿಯವನದು.

ಆಗ ಶುರುವಾಯಿತು ನೋಡಿ ನಮ್ಮ ಕಚೇರಿಯಾತ್ರೆ. ಅತ್ತಿಗೆ ಮುಂದೆ, ಕಾಗದದ ಚೀಲ ಹೊತ್ತು ನಾನು ಹಿಂದೆ. ನಗರಸಭೆಯ ಮೆಟ್ಟಿಲು ನಾವು ಹತ್ತಿ ಇಳಿದ ರಭಸಕ್ಕೆ ನಡುವೆ ಹಳ್ಳ ಬಿದ್ದು, ಮಳೆಗಾಲದಲ್ಲಿ ಅದರಲ್ಲಿ ಗುಬ್ಬಚ್ಚಿಗಳು ಸ್ನಾನ ಮಾಡುತ್ತವೆ.

ಮೊದಲು ಆರೋಗ್ಯದ ಸರ್ಟಿಫಿಕೇಟು. ಡಾಕ್ಟರು ಅತ್ತಿಗೆಯ ನಾಲಿಗೆ ನೋಡಿ, ಬೆನ್ನಿಗೆ ತಟ್ಟಿ, “ಅಂಟುರೋಗ ಏನಾದ್ರೂ ಇದೆಯಾಮ್ಮ?” ಎಂದರು.

“ಬ್ರೆಡ್ ಮಾಡೋದೊಂದೇ ಡಾಕ್ಟ್ರೇ. ಅದೂ ಮನೇಲಿ ಇನ್ನೂ ಯಾರಿಗೂ ಅಂಟಿಲ್ಲ.”

ಆಮೇಲೆ ನೀರಿನ ಪರೀಕ್ಷೆ. ನಮ್ಮ ನಲ್ಲಿಯ ನೀರನ್ನು ಬಾಟಲಿಯಲ್ಲಿ ತಂದು ಕೊಡಬೇಕು. ಕೊಟ್ಟೆವು. ನೀರು ಸರಿಯಿದೆ, ಬಾಟಲಿ ಸರಿಯಿಲ್ಲ ಎಂದು ಬಂತು ಉತ್ತರ. ಬೇರೆ ಬಾಟಲಿಯಲ್ಲಿ ಕೊಟ್ಟೆವು. ಈಗ ಬಾಟಲಿ ಸರಿಯಿತ್ತು, ಪರೀಕ್ಷೆ ಮಾಡುವವರು ರಜೆಯಲ್ಲಿದ್ದರು. ಅವರು ಬರುವಷ್ಟರಲ್ಲಿ ಆ ನೀರಿನಲ್ಲಿ ಹೊಸ ಸಂಸಾರಗಳು ಹುಟ್ಟಿಕೊಂಡಿದ್ದವು. ಮತ್ತೆ ನಲ್ಲಿ, ಮತ್ತೆ ಬಾಟಲಿ.

ಎಲ್ಲಕ್ಕಿಂತ ಮಜ ಬೋರ್ಡಿನದು. ಅಂಗಡಿಗೆ ಬೋರ್ಡು ಹಾಕಲು ಅನುಮತಿ ಬೇಕು. ಅನುಮತಿಗೆ ಬೋರ್ಡು ಸಹಿತ ಅಂಗಡಿಯ ಫೋಟೋ ಬೇಕು. ಅನುಮತಿಯಿಲ್ಲದೆ ಬೋರ್ಡು ಹಾಕಿದರೆ ದಂಡ. ಇದನ್ನು ಕೇಳಿ ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಅತ್ತಿಗೆ ಕೂರಲಿಲ್ಲ. ಮನೆಗೆ ಬಂದು ಅಣ್ಣನನ್ನು ಸ್ಟೂಲಿನ ಮೇಲೆ ಹತ್ತಿಸಿ, ಬಾಗಿಲ ಮೇಲುಗಡೆ ಎರಡೂ ಕೈಯಿಂದ ಬೋರ್ಡು ಹಿಡಿಸಿ ಫೋಟೋ ತೆಗೆಸಿದರು. “ಹಾಕಿಲ್ಲ ಸಾರ್, ಹಿಡಿದಿರೋದು ಅಷ್ಟೇ,” ಎಂದು ಕಚೇರಿಯಲ್ಲಿ ವಾದಿಸಿದರು. ಅವರೂ ಒಪ್ಪಿ ಮುದ್ರೆ ಒತ್ತಿದರು. ಹೀಗಾಗಿ ನಗರಸಭೆಯ ಕಡತದಲ್ಲಿ ಇವತ್ತಿಗೂ ಅಣ್ಣ ಕಟ್ಟಡದ ಒಂದು ಭಾಗ. ಅವನು ಬಲಕ್ಕೆ ಸರಿಯಬೇಕಾದರೆ ಹೊಸ ನಕ್ಷೆ ಕೊಡಬೇಕಾಗುತ್ತದೆ.

ಕಾಗದಗಳೆಲ್ಲ ಕೂಡಿಬಂದವು. ಕೌಂಟರಿನ ಮೇಡಂ ಒಂದೊಂದನ್ನೂ ತಿರುವಿ ನೋಡಿ ಕನ್ನಡಕ ತೆಗೆದರು.

“ಎಲ್ಲ ಸರಿ ಇದೆ. ಅಕ್ಕಪಕ್ಕದವರ ಒಪ್ಪಿಗೆ ಒಂದು ಬಾಕಿ. ಗೋಡೆ ಪಕ್ಕದವರು, ಎದುರು ಮನೆಯವರು, ಹಿಂದಿನ ಮನೆಯವರು, ಮೂವರೂ ‘ನಮ್ಮದೇನೂ ತಕರಾರಿಲ್ಲ’ ಅಂತ ಸೈನ್ ಹಾಕ್ಬೇಕು.”

ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಇದು ಗೊತ್ತಿದ್ದದ್ದೇ. ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆವು, ಊಟದ ಕೊನೆಗೆ ಸಿಹಿ ಇಟ್ಟುಕೊಂಡ ಹಾಗೆ. ಯಾಕೆಂದರೆ ಆ ಮೂರು ಮನೆಯವರು ಅತ್ತಿಗೆಯ ಮಾತಿಗೆ ಪ್ರಾಣವನ್ನೇ ಕೊಡುವವರು.

ಹಾಗೆ ನಂಬಲು ಕಾರಣವಿತ್ತು. ಬೇಕರಿ ಮುಚ್ಚಿದರೂ ಅತ್ತಿಗೆಯ ಕೈ ಮುಚ್ಚಲಿಲ್ಲ. ಬೆಳಗಾದರೆ ಕೈ ತಾನಾಗಿಯೇ ಹಿಟ್ಟಿನ ಡಬ್ಬಿಗೆ ಹೋಗುತ್ತಿತ್ತು. ಮನೆಯಲ್ಲಿ ಆಟದ ಸಾಮಾನಿನಂಥ ಒಂದು ಪುಟ್ಟ ಓವನ್ನು ಇತ್ತು. ಅದರಲ್ಲೇ ಸರದಿಯ ಮೇಲೆ ಬ್ರೆಡ್ಡು, ಬನ್ನು, ಬಿಸ್ಕತ್ತು ಬೇಯಿಸುತ್ತಿದ್ದರು. ಮಗ ಬೇರೆ ಊರು ಸೇರಿದ ಮೇಲೆ ಮನೆಯಲ್ಲಿ ಉಳಿದ ಮೂರು ಜನ ತಿಂದು ಮುಗಿಸುವುದು ಹೇಗೆ? ಉಳಿದದ್ದನ್ನು ತಟ್ಟೆಯಲ್ಲಿಟ್ಟು, ಬಟ್ಟೆ ಮುಚ್ಚಿ, ನೆರೆಮನೆಗಳಿಗೆ ಕೊಡುತ್ತಿದ್ದರು. ಪಕ್ಕದ ಮನೆಯ ದರ್ಜಿಗೆ, ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರಿಗೆ, ಹಿಂದಿನ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಗೆ. ನಮ್ಮ ಇನ್ನೊಂದು ಪಕ್ಕ ರಸ್ತೆ. ರಸ್ತೆ ಬನ್ನು ತಿನ್ನುವುದಿಲ್ಲ, ಸಹಿಯನ್ನೂ ಹಾಕುವುದಿಲ್ಲ.

ಮಾರನೆಯ ಬೆಳಿಗ್ಗೆ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಕಾಗದ ಹಿಡಿದು ಅತ್ತಿಗೆ ಹೊರಟರು. ನಾನು ಪೆನ್ನು ಹಿಡಿದಿದ್ದೆ.

ದರ್ಜಿ ಮಿಷನ್ನಿನಿಂದ ಎದ್ದು ಬಂದು ಮೊದಲು ತಟ್ಟೆ ತೆಗೆದುಕೊಂಡ. ಬನ್ನು ಬಾಯಿಗಿಟ್ಟುಕೊಂಡು ಕಾಗದ ಓದಿದ. ಓದುತ್ತ ಓದುತ್ತ ಅವನ ಅಗಿಯುವಿಕೆ ನಿಧಾನವಾಯಿತು.

“ಸೈನ್ ಹಾಕೋದಕ್ಕೇನಕ್ಕಾ, ನಿಮಗಿಲ್ಲದ ಸೈನಾ! ಆದ್ರೆ... ಹೊಗೆ ಬಂದು ಬಟ್ಟೆಗೆ ಹಿಡಿದ್ರೆ?”

“ಕರೆಂಟಿನ ಓವನ್ನಿಗೆ ಹೊಗೆ ಎಲ್ಲಿಂದ ಬರುತ್ತೋ?”

“ಕರೆಂಟ್ ಹೋದ್ರೆ?”

“ಕರೆಂಟ್ ಹೋದ್ರೆ ಓವನ್ನೂ ಇಲ್ಲ, ಹೊಗೇನೂ ಇಲ್ಲ.”

“ಅದೇ, ಅದನ್ನೇ ನಾನೂ ಯೋಚನೆ ಮಾಡ್ತಿರೋದು,” ಎಂದು ದರ್ಜಿ ಗಂಭೀರವಾಗಿ ಇನ್ನೊಂದು ಬನ್ನು ಎತ್ತಿಕೊಂಡ. “ಸ್ವಲ್ಪ ದಿನ ಹೋಗ್ಲಿ ಅಕ್ಕಾ.”

ಎದುರು ಮನೆಯ ಹೆಡ್‌ಮಾಸ್ಟರು ಕಾಗದವನ್ನು ದೂರ ಹಿಡಿದು ಓದಿದರು, ಹತ್ತಿರ ಹಿಡಿದು ಓದಿದರು, ಬೆಳಕಿಗೆ ಹಿಡಿದೂ ನೋಡಿದರು.

“ಇದು ಅವಸರದಲ್ಲಿ ಮಾಡೋ ಕೆಲಸ ಅಲ್ಲಮ್ಮ. ಸಾಧಕ ಬಾಧಕ ನೋಡ್ಬೇಕು.”

“ಬಾಧಕ ಏನಿದೆ ಮೇಷ್ಟ್ರೇ?”

“ಅದನ್ನೇ ಹುಡುಕ್ಬೇಕು. ಕಾಗದ ಬಿಟ್ಟು ಹೋಗಿ. ಬ್ರೆಡ್ಡನ್ನೂ.”

ಹಿಂದಿನ ಮನೆಯ ಅಜ್ಜಿಗೆ ಬಾಯಿಯಲ್ಲಿ ಒಂದೇ ಹಲ್ಲು. ಅದು ಬನ್ನಿಗಾಗಿಯೇ ಕಾದು ನಿಂತಂತಿತ್ತು. ಅವರು ಬನ್ನನ್ನು ಹಾಲಿನಲ್ಲಿ ಅದ್ದುತ್ತಾ, “ನನಗೆ ಕಣ್ಣು ಕಾಣಲ್ಲ ಕಣೇ. ಎಲ್ಲಿ ಅಂತ ಸೈನ್ ಹಾಕ್ಲಿ?” ಎಂದರು.

“ಹೆಬ್ಬೆಟ್ಟು ಒತ್ತಿ ಅಜ್ಜಿ, ಸಾಕು.”

“ಹೆಬ್ಬೆಟ್ಟಿಗೆ ಮಾತ್ರ ಕಣ್ಣು ಬೇಡ್ವಾ?”

ಇದೇ ಅಜ್ಜಿ ಕಾಂಪೌಂಡಿನ ಆಚೆಯಿಂದಲೇ ‘ಇವತ್ತಿನ ಬನ್ನು ನಿನ್ನೆಯದಕ್ಕಿಂತ ಚಿಕ್ಕದಾಯ್ತಲ್ಲೇ’ ಎಂದು ಹೇಳಬಲ್ಲವರು. ಆ ದೃಷ್ಟಿ ನನಗಿದ್ದಿದ್ದರೆ ನಾನು ಹಡಗಿನಲ್ಲಿ ಕೆಲಸಕ್ಕೆ ಸೇರುತ್ತಿದ್ದೆ.

ಅತ್ತಿಗೆ ಮನೆಗೆ ಬಂದು ಬಹಳ ಹೊತ್ತು ತಟ್ಟೆ ಒರೆಸಿದರು. “ನನ್ನ ಕೈಯಲ್ಲೇ ಏನೋ ಕಮ್ಮಿಯಾಗಿದೆ ಕಣೋ,” ಎಂದರು ನನಗೆ. “ಚೆನ್ನಾಗಿ ಮಾಡಿದ್ರೆ ಯಾಕೆ ಸೈನ್ ಹಾಕಲ್ಲ? ಇವಳ ಬ್ರೆಡ್ಡು ಅಂಗಡಿ ಇಡೋ ಅಷ್ಟಿಲ್ಲ ಅಂತ ಅವರಿಗೆ ಅನ್ನಿಸಿದೆ. ಮುಖದ ಮೇಲೆ ಹೇಳೋಕೆ ಸಂಕೋಚ.”

ಹೀಗೆಂದುಕೊಂಡು ಅತ್ತಿಗೆ ಇನ್ನೂ ಚೆನ್ನಾಗಿ ಮಾಡತೊಡಗಿದರು. ಬನ್ನಿನೊಳಗೆ ದ್ರಾಕ್ಷಿ ಬಂತು. ಬ್ರೆಡ್ಡಿನ ಮೇಲೆ ಎಳ್ಳು ಬಂತು. ಬೆಣ್ಣೆ ಬಿಸ್ಕತ್ತು ಎಷ್ಟು ಹಗುರವಾಗಿತ್ತೆಂದರೆ ಫ್ಯಾನ್ ಹಾಕಿದರೆ ತಟ್ಟೆಯಿಂದ ಎದ್ದು ಹೋಗುತ್ತಿತ್ತು. ನಾವು ಕಿಟಕಿ ಮುಚ್ಚಿ ತಿನ್ನುತ್ತಿದ್ದೆವು. ಕಾಗದ ಮಾತ್ರ ಖಾಲಿಯಾಗಿಯೇ ಹಿಂದಿರುಗುತ್ತಿತ್ತು. ದರ್ಜಿ ತನ್ನ ಪ್ಯಾಂಟಿನ ಸೊಂಟವನ್ನೇ ಬಿಚ್ಚಿ ಅಗಲ ಮಾಡಿಕೊಂಡ. ಹೆಡ್‌ಮಾಸ್ಟರ ಕೆನ್ನೆ ತುಂಬಿ, ಹಳೆಯ ವಿದ್ಯಾರ್ಥಿಗಳು ಗುರುತು ಹಿಡಿಯದೆ ನಮಸ್ಕಾರ ಮಾಡದೆ ಹೋಗತೊಡಗಿದರು. ಅಜ್ಜಿಗೆ ಎರಡನೆಯ ಹಲ್ಲು ಮೂಡಿದೆ ಎಂಬ ಸುದ್ದಿಯೂ ಹಬ್ಬಿತ್ತು. ನಾನೇ ಹಬ್ಬಿಸಿದ್ದು.

ಇಷ್ಟರ ಮಧ್ಯೆ ಅತ್ತಿಗೆ ದಿನವೂ ಸಂಜೆ ಹಳೆಯ ಬೇಕರಿಗೆ ಹೋಗಿ, ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡುವ ಹಾಗೆ ಓವನ್ನನ್ನು ನೋಡಿ ಬರುತ್ತಿದ್ದರು. ಒಂದು ಸಂಜೆ ಅಲ್ಲಿ ಗುಜರಿಯವನು ನಿಂತಿದ್ದ. ಡಾಕ್ಟರು ಎದೆ ತಟ್ಟಿ ನೋಡುವಂತೆ ಅದರ ಮಗ್ಗುಲಿಗೆ ಬೆರಳಿನಿಂದ ತಟ್ಟಿ ಕಿವಿಗೊಡುತ್ತಿದ್ದ.

“ಒಳ್ಳೇ ಮಾಲು ಅಕ್ಕಾ. ಈಗಿನ ಕಬ್ಬಿಣ ಅಲ್ಲ ಇದು.”

“ಅದಕ್ಕಿನ್ನೂ ಜೀವ ಇದೆ ಕಣಪ್ಪ. ಹಾಗೆಲ್ಲ ತಟ್ಟಬೇಡ.”

ಅವನಿಗೆ ಪಾಪ ಅನ್ನಿಸಿತೇನೋ, ಕೈ ಹಿಂದಕ್ಕೆ ತೆಗೆದ. “ನೋಡಿ ಅಕ್ಕಾ, ಗೋಡೆ ಬೀಳಿಸೋ ಯಂತ್ರ ಮುಂದಿನ ವಾರ ಬರುತ್ತಂತೆ. ಅದರ ಹಿಂದೇನೇ ನನ್ನ ಲಾರಿ. ತಗೊಂಡು ಹೋಗೋದಿದ್ರೆ ಅಷ್ಟರಲ್ಲಿ ತಗೊಂಡು ಹೋಗ್ಬಿಡಿ.”

ಆ ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನಾಳೆ ಬನ್ನಿಗೆ ಏಲಕ್ಕಿ ಹಾಕಿ ನೋಡುತ್ತೇನೆ, ಅದಕ್ಕಾದರೂ ಒಪ್ಪಿಯಾರು ಎಂದರು. ಆಗ ಅಣ್ಣ ಲೋಟ ಕೆಳಗಿಟ್ಟ. ಲೋಟ ಇಟ್ಟ ರೀತಿಯಲ್ಲೇ ಮಾತು ಬರುತ್ತದೆಂದು ತಿಳಿದು ನಾವು ಅಗಿಯುವುದನ್ನು ನಿಲ್ಲಿಸಿದೆವು.

“ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ,” ಎಂದ ಅಣ್ಣ.

“ಏನ್ರೀ ಹಾಗಂದ್ರೆ?”

“ಬಿಟ್ಟಿ ಬರ್ತಿರೋದಕ್ಕೆ ನಾಳೆಯಿಂದ ದುಡ್ಡು ಕೊಡ್ತೀನಿ ಅಂತ ಯಾರಾದ್ರೂ ಸೈನ್ ಹಾಕ್ತಾರಾ? ನೀನು ಏಲಕ್ಕಿ ಹಾಕಿದಷ್ಟೂ ಅವರು ಪೆನ್ನು ಬಚ್ಚಿಡ್ತಾರೆ.”

ಇಷ್ಟು ಹೇಳಿ ಅಣ್ಣ ಮತ್ತೆ ಲೋಟ ಎತ್ತಿಕೊಂಡ. ಆ ವರ್ಷದ ಮಾತೆಲ್ಲ ಅಲ್ಲಿಗೆ ಖರ್ಚಾಗಿತ್ತು.

“ಛೆ, ನಮ್ಮ ಬೀದಿಯವರು ಅಂಥವರಲ್ಲ ಬಿಡಿ,” ಎಂದರು ಅತ್ತಿಗೆ. ಆದರೂ ಮಾರನೆಯ ಬೆಳಿಗ್ಗೆ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಿಟಕಿಯ ಹಿಂದೆ ಕೂತರು.

ಮೊದಲು ದರ್ಜಿಯ ತಲೆ ಗೋಡೆಯ ಮೇಲೆ ಕಾಣಿಸಿತು. “ಹುಷಾರಿಲ್ವಾ ಅಕ್ಕಾ?” ಎಂದ. ಅವನ ಅಪ್ಪ ಕಾಯಿಲೆ ಬಿದ್ದಾಗಲೂ ಅಷ್ಟು ಕಳವಳ ಅವನ ಮುಖದಲ್ಲಿ ಇರಲಿಲ್ಲ. ಹೆಡ್‌ಮಾಸ್ಟರು ಬೆಳಗಿನ ವಾಕಿಂಗನ್ನು ನಮ್ಮ ಗೇಟಿನ ಮುಂದೆಯೇ ಮಾಡಿದರು, ಆ ತುದಿಯಿಂದ ಈ ತುದಿಗೆ, ಮೂಗು ಮೇಲೆತ್ತಿಕೊಂಡು. ಹಿಂದುಗಡೆ ಅಜ್ಜಿ ಖಾಲಿ ತಟ್ಟೆಯನ್ನು ಕಾಂಪೌಂಡಿನ ಮೇಲಿಟ್ಟು ಚಮಚದಿಂದ ಬಾರಿಸತೊಡಗಿದರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಅತ್ತಿಗೆ ಎದ್ದು ಚಪ್ಪಲಿ ಮೆಟ್ಟಿಕೊಂಡು, “ಬಾರೋ,” ಎಂದು ನನ್ನನ್ನು ಕರೆದುಕೊಂಡು ನೇರ ನಗರಸಭೆಗೆ ನಡೆದರು.

ಕೌಂಟರಿನ ಮೇಡಂ ಎಲ್ಲವನ್ನೂ ಕೇಳಿ, ಒಂದು ದಪ್ಪ ಪುಸ್ತಕದ ಧೂಳು ಕೊಡವಿದರು.

“ಸುಮ್ಮನೆ ಸೈನ್ ಹಾಕದೆ ಇರೋ ಹಾಗಿಲ್ಲಮ್ಮ. ಒಪ್ಪಿಗೆ ಇಲ್ಲ ಅಂದ್ರೆ ತಕರಾರು ಏನು ಅಂತ ಕೊಡ್ಬೇಕು. ನಮ್ಮ ಇನ್ಸ್‌ಪೆಕ್ಟರು ಬಂದು ನೋಡ್ತಾರೆ. ತಕರಾರಲ್ಲಿ ಹುರುಳಿಲ್ಲ ಅಂದ್ರೆ ನಿಮ್ಮ ಕೆಲಸ ಆಯ್ತು. ಹುರುಳಿದೆ ಅಂದ್ರೆ ಅರ್ಜಿ ವಜಾ. ಆಮೇಲೆ ನನ್ನ ಹತ್ರ ಬಂದು ಅಳಬಾರದು. ಅವರಿಗೆ ನೋಟೀಸು ಬರೀಲಾ?”

“ಬರೀರಿ,” ಎಂದರು ಅತ್ತಿಗೆ. ಆ ಒಂದು ಮಾತು ಹೇಳಲು ಅವರಿಗೆ ಎಂಥ ಉಸಿರು ಬೇಕಾಯಿತೆಂದರೆ ಕೌಂಟರಿನ ಮೇಲಿನ ಕಾಗದಗಳು ಅಲುಗಿದವು.

ಇನ್ಸ್‌ಪೆಕ್ಟರು ಬಂದದ್ದು ಬೇಕರಿಯ ಗೋಡೆ ಕೆಡವುವ ಹಿಂದಿನ ದಿನ. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಕಡತ, ಜೇಬಿನಲ್ಲಿ ಅಳತೆಪಟ್ಟಿ. ಅವರಿಗೆ ಸಕ್ಕರೆ ಕಾಯಿಲೆ; ಡಾಕ್ಟರು ಬನ್ನು, ಬಿಸ್ಕತ್ತು ಮುಟ್ಟಲೇಬಾರದು ಅಂದಿದ್ದರು. ಹೀಗಾಗಿ ಇಡೀ ಊರಿನಲ್ಲಿ ಈ ವ್ಯವಹಾರದಲ್ಲಿ ಪಕ್ಷಪಾತವಿಲ್ಲದ ಪ್ರಾಣಿ ಅವರೊಬ್ಬರೇ. ಮುಂದಿನ ಕೋಣೆಯ ನೆಲ, ನಲ್ಲಿ, ಕಿಟಕಿ ಎಲ್ಲ ಅಳೆದು ತಲೆಯಾಡಿಸಿದರು. ಆಮೇಲೆ ನಮ್ಮ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ನೆರೆಯವರನ್ನು ಕರೆಸಿದರು. ದರ್ಜಿ ಕೊರಳಿಗೆ ಟೇಪು ಹಾಕಿಕೊಂಡೇ ಬಂದ. ಹೆಡ್‌ಮಾಸ್ಟರು ಕೋಟು ತೊಟ್ಟು ಬಂದರು. ಅಜ್ಜಿ ಬರುವಾಗ ಅಭ್ಯಾಸಬಲದಿಂದ ತಟ್ಟೆ ಹಿಡಿದುಕೊಂಡೇ ಬಂದಿದ್ದರು.

ಇನ್ಸ್‌ಪೆಕ್ಟರು ಮೊದಲ ಕಾಗದ ಬಿಡಿಸಿದರು. “ಹೊಗೆಯ ತೊಂದರೆ. ಯಾರದ್ದು ಇದು?”

“ನಂದೇ ಸಾರ್,” ಎಂದ ದರ್ಜಿ.

“ಕರೆಂಟಿನ ಓವನ್ ಕಣ್ರೀ.”

“ಗೊತ್ತು ಸಾರ್.”

“ಮತ್ತೆ?”

ದರ್ಜಿ ಟೇಪಿನ ತುದಿಯನ್ನು ಸುತ್ತಿದ, ಬಿಚ್ಚಿದ.

ಎರಡನೆಯದು ಹೆಡ್‌ಮಾಸ್ಟರದು. ಪುಟ ತುಂಬ ಬರೆದು, ಅಡಿಗೆರೆ ಎಳೆದಿದ್ದರು. ಇನ್ಸ್‌ಪೆಕ್ಟರು ಓದಿದರು: “‘ಸದರಿ ಸ್ಥಳದಿಂದ ಹೊರಡುವ ಸುವಾಸನೆಯಿಂದ ಸಾರ್ವಜನಿಕರ ಏಕಾಗ್ರತೆಗೆ ಭಂಗ ಉಂಟಾಗುವುದರಿಂದ...’ ಮೇಷ್ಟ್ರೇ, ದುರ್ವಾಸನೆ ಅಂತ ನಮಗೆ ದಿನಾ ತಕರಾರು ಬರುತ್ತೆ. ಸುವಾಸನೆ ಅಂತ ಬಂದಿದ್ದು ಇದೇ ಮೊದಲು.”

“ಪರಿಣಾಮ ಒಂದೇ,” ಎಂದು ಹೆಡ್‌ಮಾಸ್ಟರು ಸೂರು ನೋಡಿದರು.

ಮೂರನೆಯ ಕಾಗದದಲ್ಲಿ ಒಂದಕ್ಷರವೂ ಇರಲಿಲ್ಲ, ನಡುವೆ ದೊಡ್ಡದೊಂದು ಹೆಬ್ಬೆಟ್ಟಿನ ಗುರುತು. ತಕರಾರಿಗೆ ಮಾತ್ರ ಅಜ್ಜಿಯ ಹೆಬ್ಬೆಟ್ಟಿಗೆ ಕಣ್ಣು ಬಂದಿತ್ತು.

“ಏನಜ್ಜಿ ನಿಮ್ಮದು?”

“ಬರೆಯೋಕೆ ಬರಲ್ಲಪ್ಪ, ಬಾಯಲ್ಲಿ ಹೇಳ್ತೀನಿ,” ಎಂದರು ಅಜ್ಜಿ. “ಇವಳು ಅಂಗಡಿ ಇಟ್ಟುಬಿಟ್ರೆ ನಮಗೆ ಬನ್ನು ಯಾರು ಕೊಡ್ತಾರೆ? ಇವರಿಬ್ಬರೂ ಅದನ್ನೇ ಹೊಗೆ, ವಾಸನೆ ಅಂತ ಸುತ್ತಿ ಬಳಸಿ ಬರ್ಕೊಂಡು ಬಂದಿದಾರೆ.”

ದರ್ಜಿ, ಹೆಡ್‌ಮಾಸ್ಟರು ಇಬ್ಬರೂ ಜಗಲಿಯ ನೆಲದಲ್ಲಿ ಇರುವೆ ಎಣಿಸತೊಡಗಿದರು. ಇನ್ಸ್‌ಪೆಕ್ಟರು ಪೆನ್ನಿನ ಹಿಂಭಾಗದಿಂದ ಕಿವಿ ಕೆರೆದುಕೊಂಡರು.

“ಇದು ಹುರುಳಿರೋ ತಕರಾರೇ,” ಎಂದು ಗೊಣಗಿದರು. “ನಷ್ಟ ಆಗೋದಂತೂ ನಿಜ.”

ಅತ್ತಿಗೆ ಅಲ್ಲಿಯವರೆಗೆ ಬಾಗಿಲಿಗೆ ಒರಗಿ ನಿಂತಿದ್ದವರು ಮುಂದೆ ಬಂದರು. ನಗುತ್ತಿರಲಿಲ್ಲ. ಆ ಬೀದಿಯವರು ಅತ್ತಿಗೆಯನ್ನು ನಗುವಿಲ್ಲದೆ ನೋಡಿದ್ದು ಅವತ್ತೇ ಮೊದಲು.

“ತಮ್ಮಾ,” ಎಂದರು ದರ್ಜಿಗೆ, “ನನ್ನ ಮಗನ ಮದುವೆಗೆ ಮನೆಯವರಿಗೆಲ್ಲ ಬಟ್ಟೆ ಹೊಲಿದುಕೊಟ್ಟೆ. ದುಡ್ಡು ತಗೊಂಡೆ ತಾನೆ?”

“ಹೂಂ ಅಕ್ಕಾ.”

“ನಾನೇನಾದ್ರೂ ಮುಖ ಸಿಂಡರಿಸಿದ್ನಾ?”

“ಇಲ್ಲ ಅಕ್ಕಾ. ಖುಷಿಯಾಗೇ ಕೊಟ್ರಿ.”

“ಮೇಷ್ಟ್ರೇ, ಅದೇ ಮಗನಿಗೆ ನೀವು ಸಂಜೆ ಪಾಠ ಹೇಳಿದ್ರಿ. ತಿಂಗಳು ತಿಂಗಳೂ ಫೀಸು ತಂದುಕೊಟ್ಟೆ. ಎದುರು ಮನೆಯವರಲ್ವಾ, ಪ್ರೀತಿಗೆ ಹೇಳ್ಕೊಡಿ ಅಂತ ಕೇಳಿದ್ನಾ? ಕೇಳಲಿಲ್ಲ. ಅದು ನಿಮ್ಮ ಕಸುಬು, ನೀವು ಕಷ್ಟಪಟ್ಟು ಕಲ್ತಿದ್ದು. ನಿಮ್ಮದೆಲ್ಲ ಕಸುಬು, ನನ್ನದು ಮಾತ್ರ ಕೈ ಚಪಲವಾ?” ಅತ್ತಿಗೆ ಬೋಳು ಹುಬ್ಬಿನ ಮೇಲೆ ಬೆರಳಿಟ್ಟರು. “ಇದು ಎಲ್ಲಿ ಹೋಯ್ತು ಅಂತ ಯಾರಾದ್ರೂ ಒಬ್ಬರು ಕೇಳಿದೀರಾ? ಆ ಓವನ್ ಮುಂದೆ ಹೋಯ್ತು. ನಾಳೆ ಅದು ಗುಜರಿ ತಕ್ಕಡಿ ಹತ್ತುತ್ತೆ. ನಾನೂ ಅದರ ಜೊತೇಲೇ ತೂಕಕ್ಕೆ ಹೋದ ಹಾಗೆ. ಆಮೇಲೆ ಮನೇಲಿ ಕೂತು ನಿಮಗೆ ದಿನಾ ಬನ್ನು ಮಾಡ್ತೀನಿ ಅಂತ ಅಂದ್ಕೊಂಡಿದ್ರೆ ಅದೂ ಇಲ್ಲ. ಕೈ ಏಳಲ್ಲ ನನಗೆ.”

ಜೀವಮಾನದಲ್ಲಿ ಒಂದು ಜೋಕೂ ತೋಚದೆ ನಾನು ನಿಂತದ್ದು ಬೇರೆಲ್ಲೂ ಇಲ್ಲ.

ದರ್ಜಿ ಥಟ್ಟನೆ ಕಾಗದ ಎಳೆದುಕೊಂಡು, ಕಿವಿಯ ಮೇಲಿದ್ದ ಬಟ್ಟೆ ಗುರುತು ಮಾಡುವ ಸೀಮೆಸುಣ್ಣದಿಂದಲೇ ಸಹಿ ಹಾಕಿಬಿಟ್ಟ. “ಅಳಿಸಿಹೋಗುತ್ತೆ ಕಣ್ರೀ ಅದು!” ಎಂದು ಇನ್ಸ್‌ಪೆ‌ಕ್ಟರು ಕೂಗಿಕೊಂಡರು. ಹೆಡ್‌ಮಾಸ್ಟರು ಕೋಟಿನಿಂದ ಪೆನ್ನು ತೆಗೆದು ದರ್ಜಿಗೆ ಕೊಟ್ಟರು. ಅವನು ಸುಣ್ಣದ ಮೇಲೆ ಶಾಯಿಯಲ್ಲಿ ತಿದ್ದಿದ. ಆಮೇಲೆ ತಾವೂ ಬಗ್ಗಿ, ಡಿಗ್ರಿಗಳನ್ನೆಲ್ಲ ಸೇರಿಸಿ ಉದ್ದವಾದ ಸಹಿ ಹಾಕಿದರು. ಹಾಕುವಾಗ, “ಹುಬ್ಬಿನ ವಿಷಯ ನನಗೆ ಹೊಳೀಲೇ ಇಲ್ಲಮ್ಮ. ಹುಟ್ಟಿನಿಂದಲೇ ಹಾಗೇನೋ ಅಂದ್ಕೊಂಡಿದ್ದೆ,” ಎಂದು ತಲೆ ತಗ್ಗಿಸಿಯೇ ಹೇಳಿದರು. ಅಜ್ಜಿ ಹೆಬ್ಬೆಟ್ಟಿಗೆ ಶಾಯಿ ಬಳಿಸಿಕೊಂಡು, ಅಗತ್ಯಕ್ಕಿಂತ ಎರಡು ಸಲ ಜಾಸ್ತಿ ಒತ್ತಿ, “ಬಾಗಿಲು ಎಷ್ಟೊತ್ತಿಗೆ ತೆಗೀತೀಯೇ?” ಎಂದು ಕೇಳಿದರು.

ಅಂದು ಸಂಜೆಯೇ ಕೌಂಟರಿನ ಮೇಡಂ ಲೈಸೆನ್ಸಿಗೆ ಮುದ್ರೆ ಒತ್ತಿದರು. ಆ ಪೆಟ್ಟಿಗೆ ನಗರಸಭೆಯ ಮಾಡಿನಲ್ಲಿದ್ದ ಪಾರಿವಾಳಗಳೆಲ್ಲ ಹಾರಿ ಪಕ್ಕದ ಊರಿಗೆ ವಲಸೆ ಹೋದವು ಎಂದು ಕೇಳಿದ್ದೇನೆ.

ಬೆಳಗಾಗುತ್ತಲೇ ನಾವು ಹಳೆಯ ಬೇಕರಿಗೆ ಓಡಿದೆವು. ಯಂತ್ರ ಆಗಲೇ ಮುಂದಿನ ಗೋಡೆಯನ್ನು ತಿಂದು, ಪಕ್ಕದ ಗೋಡೆಗೆ ಬಾಯಿ ಹಾಕಿತ್ತು. ಮಾಡು ಹಾರಿಹೋಗಿ, ಧೂಳಿನ ನಡುವೆ ಬಟ್ಟಬಯಲಲ್ಲಿ ಓವನ್ನು ಒಂಟಿಯಾಗಿ ನಿಂತಿತ್ತು. ಅತ್ತಿಗೆ ಲೈಸೆನ್ಸನ್ನು ತಲೆಯ ಮೇಲೆತ್ತಿ ಹಿಡಿದು ಯಂತ್ರದ ಮುಂದೆ ಹೋಗಿ ನಿಂತರು. ಯಂತ್ರದವನು ಅದನ್ನು ಓದಲಿಲ್ಲ, ಅತ್ತಿಗೆಯ ಮುಖ ನೋಡಿಯೇ ನಿಲ್ಲಿಸಿದ. ಗುಜರಿಯವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, “ಲಾರಿ ಹೇಗೂ ಬಂದಿದೆ, ಖಾಲಿ ಯಾಕೆ ಹೋಗ್ಲಿ?” ಎಂದು ಓವನ್ನನ್ನು ತಾನೇ ನಮ್ಮ ಬಾಗಿಲಿಗೆ ತಂದಿಳಿಸಿದ. ಬಾಗಿಲಿನಲ್ಲಿ ಅದು ಹಿಡಿಸಲಿಲ್ಲ. ನಾವು ಅಳೆದದ್ದು ಓವನ್ನಿನ ಬಾಗಿಲನ್ನು, ಓವನ್ನನ್ನಲ್ಲ. ದರ್ಜಿ ಟೇಪು ಹಿಡಿದು ಕೋಣೆಯ ಕಿಟಕಿ ಅಳೆದ, ಅಣ್ಣ ಗಡಿಯಾರದ ಸ್ಕ್ರೂಡ್ರೈವರಿನಿಂದಲೇ ಅದರ ಚೌಕಟ್ಟು ಬಿಚ್ಚಿದ, ಹೆಡ್‌ಮಾಸ್ಟರು ಎತ್ತದೆ ದೂರದಿಂದಲೇ ‘ಎಡಕ್ಕೆ, ಬಲಕ್ಕೆ’ ಎಂದರು. ಓವನ್ನು ಕಿಟಕಿಯಿಂದ ಒಳಗೆ ಬಂತು.

ಕರೆಂಟ್ ಲೈನು ಬಂದ ಮೇಲೆ, ಬಾಗಿಲು ತೆಗೆದ ಮೊದಲ ಬೆಳಿಗ್ಗೆ ಬೀದಿಯೆಲ್ಲ ಬಂದು ನಿಂತಿತ್ತು. ಆಗ ನಮಗೆ ಹೊಳೆಯಿತು: ಇಷ್ಟು ಕಚೇರಿ ಸುತ್ತಿ ಎಲ್ಲ ಕೇಳಿದ್ದೆವು, ಬ್ರೆಡ್ಡಿಗೆ ಎಷ್ಟು ಎಂದು ಮಾತ್ರ ನಾವು ನಮ್ಮನ್ನೇ ಕೇಳಿಕೊಂಡಿರಲಿಲ್ಲ.

“ಎಷ್ಟಕ್ಕಾ ಒಂದಕ್ಕೆ?” ಎಂದ ದರ್ಜಿ.

ಅತ್ತಿಗೆ ಕೆಂಪಾಗಿ, ನೆಲ ನೋಡುತ್ತಾ ಒಂದು ಬೆಲೆ ಹೇಳಿದರು. ಆ ಬೆಲೆಗೆ ನಮ್ಮ ಊರಿನಲ್ಲಿ ಬ್ರೆಡ್ಡಿನ ವಾಸನೆಯೂ ಸಿಗುವುದಿಲ್ಲ.

ದರ್ಜಿಗೆ ಸಿಟ್ಟೇ ಬಂತು. “ಏನಕ್ಕಾ ತಮಾಷೆ ಮಾಡ್ತೀರಾ? ಇಷ್ಟಕ್ಕೆ ಕೊಟ್ರೆ ಹಿಟ್ಟಿನ ಖರ್ಚೂ ಹುಟ್ಟಲ್ಲ. ತಿಂಗಳಲ್ಲಿ ಅಂಗಡಿ ಮುಚ್ತೀರ, ಆಮೇಲೆ ನಾವು ಎಲ್ಲಿಗೆ ಹೋಗೋದು? ಇನ್ನೂ ಅರ್ಧ ಸೇರಿಸಿ!”

“ಅಯ್ಯೋ, ಅಷ್ಟು ಬೇಡಪ್ಪ.”

“ಅರ್ಧ ಸಾಲದು,” ಎಂದರು ಹೆಡ್‌ಮಾಸ್ಟರು, “ಕರೆಂಟಿನ ಬಿಲ್ಲು ಯಾರು ಕಟ್ತಾರೆ? ಒಂದಕ್ಕೆ ಎರಡಾಗಲೇಬೇಕು. ಗಣಿತ ಹೇಳಿದವನು ನಾನು, ನನ್ನ ಹತ್ರ ವಾದ ಬೇಡ.”

“ಎರಡರಷ್ಟು ಅಂದ್ರೆ ನಾನು ಕೊಡೋದೇ ಇಲ್ಲ ಮೇಷ್ಟ್ರೇ!”

“ಕಡಿಮೆಯಾದ್ರೆ ನಾನು ತಗೊಳ್ಳೋದೇ ಇಲ್ಲಮ್ಮ!”

ಪ್ರಪಂಚ ಹುಟ್ಟಿದ ಮೇಲೆ ಅಂಗಡಿಯವಳು ಇಳಿಸುತ್ತಾ, ಗಿರಾಕಿಗಳು ಏರಿಸುತ್ತಾ ನಡೆದ ಚೌಕಾಸಿ ಅದೊಂದೇ. ದೂರ ಹೋಗುವ ಬಸ್ಸುಗಳು ನಿಂತು ನೋಡಿದವು. ಕೊನೆಗೆ ಬೀದಿಯೇ ಗೆದ್ದಿತು. ಅತ್ತಿಗೆ ಸೋತು, ಸೆರಗಿನಿಂದ ಹಣೆ ಒರೆಸಿಕೊಂಡು ಬ್ರೆಡ್ಡು ಕಟ್ಟಿಕೊಡತೊಡಗಿದರು.

ಎಲ್ಲರೂ ಸರಿದ ಮೇಲೆ ಅಜ್ಜಿ ತಟ್ಟೆ ಮುಂದೆ ಚಾಚಿದರು.

“ನನಗೆ ಹಳೇ ರೇಟೇ ಇರ್ಲಿ ಕಣೇ.”

“ಹಳೇ ರೇಟು ಯಾವುದಜ್ಜಿ?”

“ಅದೇ, ನೀನು ಮುಂಚೆ ಕೊಡ್ತಿದ್ದ ರೇಟು.”

ಅತ್ತಿಗೆ ಅಜ್ಜಿಯ ತಟ್ಟೆಗೆ ಒಂದು ಬನ್ನು ಇಟ್ಟರು. ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂಗೈ ಮೇಲೆ ಮಾಡಿ ಹಾಗೆಯೇ ಚಾಚಿ ನಿಂತರು. ಅಜ್ಜಿ ಬನ್ನು ನೋಡಿದರು, ಕೈ ನೋಡಿದರು, ಹುಬ್ಬಿಲ್ಲದ ಜಾಗ ನೋಡಿದರು. ಆಮೇಲೆ ಸೊಂಟದ ಚೀಲ ಬಿಚ್ಚಿ, “ಕೈ ಮುಂದಕ್ಕೆ ಮಾಡೋದನ್ನ ಬೇಗ ಕಲ್ತುಬಿಟ್ಟೆ ಕಣೇ,” ಎಂದು ಬೈಯುತ್ತಲೇ ನಾಣ್ಯಗಳನ್ನು ಆ ಅಂಗೈಯಲ್ಲಿಟ್ಟರು.